ಕೊಳವೆಯಿಂದ ಕಂಪ್ಯೂಟರಿಗೆ: ದನಿಯನ್ನು ಬೆರೆಸಿದ ಕಥೆ



ನೀವು ದಿನವೂ ಹಾಡು ಕೇಳುತ್ತೀರಿ. ಹತ್ತಾರು ಪಿಟೀಲುಗಳು ಒಟ್ಟಿಗೆ ನುಡಿಯುತ್ತಿರುತ್ತವೆ, ತಬಲ ಭರದಿಂದ ಸಾಗಿರುತ್ತದೆ. ಆದರೂ ಗಾಯಕಿ ಪಿಸುದನಿಯಲ್ಲಿ ಹೇಳಿದ ಒಂದು ಪದ ನಿಮಗೆ ಸ್ಪಷ್ಟವಾಗಿ ಕೇಳಿಸುತ್ತದೆ. ನಿಜಜೀವನದಲ್ಲಿ ಹೀಗಾಗುವುದುಂಟೇ? ಮದುವೆ ಮನೆಯಲ್ಲಿ ನಾದಸ್ವರ, ಡೋಲು ಮೊಳಗುವಾಗ ಪಕ್ಕದಲ್ಲಿ ಕುಳಿತವರ ಪಿಸುಮಾತು ಕೇಳಿಸೀತೇ? ಖಂಡಿತ ಇಲ್ಲ. ಅಂದಮೇಲೆ ಹಾಡಿನ ಈ ಏರ್ಪಾಡು ತಾನಾಗಿ ಆದದ್ದಲ್ಲ, ಯಾರೋ ಮಾಡಿದ್ದು. ದನಿಯನ್ನೂ ವಾದ್ಯಗಳನ್ನೂ ಬೇರೆಬೇರೆಯಾಗಿ ಹಿಡಿದು, ಹದವರಿತು ಒಂದುಗೂಡಿಸುವ ಈ ಕೆಲಸಕ್ಕೆ ಮಿಕ್ಸಿಂಗ್, ಎಂದರೆ ಮಿಶ್ರಣ ಎಂದು ಹೆಸರು.

ಇಂದು ಈ ಕೆಲಸವನ್ನು ಮನೆಯ ಕಂಪ್ಯೂಟರಿನಲ್ಲಿ, ಕಾಸು ಖರ್ಚಿಲ್ಲದೆ ದೊರೆಯುವ ತಂತ್ರಾಂಶದಿಂದ ನೀವೇ ಮಾಡಬಹುದು. ಆದರೆ ಈ ಅನುಕೂಲ ನಮ್ಮ ಮನೆಯ ಮೇಜಿಗೆ ಬಂದು ತಲುಪಲು ನೂರು ವರ್ಷಗಳೇ ಹಿಡಿದವು. ಆ ದಾರಿಯನ್ನು ಒಂದೇ ಪ್ರಶ್ನೆ ಹಿಡಿದು ನೋಡೋಣ: ಹಾಡಿನಲ್ಲಿ ದನಿ ಎಲ್ಲಿ ನಿಲ್ಲಬೇಕೆಂದು ತೀರ್ಮಾನಿಸುವವರು ಯಾರು?

ಕೊಳವೆಯ ಮುಂದೆ

ಥಾಮಸ್ ಎಡಿಸನ್ ಮಾತನ್ನು ಹಿಡಿದಿಟ್ಟು ಮತ್ತೆ ನುಡಿಸುವ ಫೋನೋಗ್ರಾಫ್ ಯಂತ್ರವನ್ನು ರೂಪಿಸಿದ್ದು 1877ರಲ್ಲಿ. ಹತ್ತು ವರ್ಷಗಳ ನಂತರ, 1887ರಲ್ಲಿ, ಎಮಿಲ್ ಬರ್ಲಿನರ್ ಚಪ್ಪಟೆ ತಟ್ಟೆಯ ಗ್ರಾಮಫೋನನ್ನು ತಂದರು. 1902ರ ನವೆಂಬರ್ ತಿಂಗಳಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಗೆ ಬಂದು, ಹೋಟೆಲಿನ ಕೋಣೆಯೊಂದರಲ್ಲಿ ಯಂತ್ರ ಹೂಡಿ, ಪ್ರಸಿದ್ಧ ಗಾಯಕಿ ಗೌಹರ್ ಜಾನ್ ಅವರ ಹಾಡನ್ನು ಮುದ್ರಿಸಿಕೊಂಡರು. ಭಾರತದ ಧ್ವನಿಮುದ್ರಣದ ಇತಿಹಾಸದಲ್ಲಿ ಇದು ಮೊದಲ ಪುಟಗಳಲ್ಲೊಂದು.

ಆಗ ಮೈಕು ಇರಲಿಲ್ಲ. ಅಗಲವಾದ ಬಾಯಿಯ ಲೋಹದ ಕೊಳವೆಯೊಂದು ಗಾಯಕಿಯ ಮುಖಕ್ಕೆ ಎದುರಾಗಿ ಇರುತ್ತಿತ್ತು. ದನಿಯ ರಭಸಕ್ಕೆ ಕೊಳವೆಯ ತುದಿಯಲ್ಲಿದ್ದ ತೆಳುವಾದ ಪೊರೆ ಅದುರಬೇಕು, ಆ ಅದುರಿಗೆ ಸೂಜಿ ಅಲುಗಾಡಿ ಮೇಣದ ತಟ್ಟೆಯ ಮೇಲೆ ಗೆರೆ ಕೊರೆಯಬೇಕು. ಹಾಡಿನ ಅವಧಿ ಸುಮಾರು ಮೂರು ನಿಮಿಷ. ಆಲಾಪ, ವಿಸ್ತಾರ ಎಲ್ಲವನ್ನೂ ಅಷ್ಟರಲ್ಲೇ ಮುಗಿಸಿ, ಕೊನೆಗೆ ಗೌಹರ್ ಜಾನ್ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಕೂಗಿ ಹೇಳುತ್ತಿದ್ದರು. ತಟ್ಟೆಗಳು ಅಚ್ಚಾಗುತ್ತಿದ್ದುದು ದೂರದ ಜರ್ಮನಿಯ ಹ್ಯಾನೋವರಿನಲ್ಲಿ. ಹಾಡಿದವರು ಯಾರೆಂದು ಅಲ್ಲಿನವರಿಗೆ ತಿಳಿಯಬೇಕಲ್ಲ!

ಆ ಕಾಲದ ಮಿಶ್ರಣವೆಂದರೆ ನಿಲ್ಲುವ ಜಾಗ, ಅಷ್ಟೆ. ಹಾಡುವವರು ಕೊಳವೆಗೆ ಹತ್ತಿರ, ಪಕ್ಕವಾದ್ಯದವರು ಹಿಂದೆ. ತಾರಸ್ಥಾಯಿಗೆ ಏರುವಾಗ ಗಾಯಕಿ ತಲೆಯನ್ನು ಹಿಂದಕ್ಕೆ ಎಳೆದುಕೊಳ್ಳಬೇಕು, ಇಳಿದಾಗ ಮುಂದಕ್ಕೆ ಬಾಗಬೇಕು. ಮೆಲುದನಿಯವರಿಗೆ ಅಲ್ಲಿ ಪ್ರವೇಶವೇ ಇರಲಿಲ್ಲ. ದನಿಯ ಸ್ಥಾನವನ್ನು ತೀರ್ಮಾನಿಸುತ್ತಿದ್ದುದು ಯಂತ್ರ.

ಮೈಕು ಬಂದ ಮೇಲೆ

1925ರಲ್ಲಿ ವಿದ್ಯುತ್ ಧ್ವನಿಮುದ್ರಣ ಬಳಕೆಗೆ ಬಂತು. ಮೈಕು ಹಿಡಿದ ಕ್ಷೀಣವಾದ ದನಿಯನ್ನು ವಿದ್ಯುತ್ತಿನ ನೆರವಿನಿಂದ ಹಿಗ್ಗಿಸುವುದು ಸಾಧ್ಯವಾಯಿತು. ಕೂಗಿ ಹಾಡುವ ಅಗತ್ಯ ಹೋಯಿತು. ಅಮೆರಿಕದ ಬಿಂಗ್ ಕ್ರಾಸ್ಬಿಯಂಥವರು ಕಿವಿಯಲ್ಲಿ ಹೇಳಿದಂತೆ ಹಾಡಿ ಮನೆಮಾತಾದರು. ಗಾಯಕನಿಗೊಂದು ಮೈಕು, ವಾದ್ಯಗಳಿಗೊಂದು ಮೈಕು ಇಟ್ಟು, ಒಂದರ ಗುಂಡಿಯನ್ನು ಏರಿಸಿ ಇನ್ನೊಂದನ್ನು ಇಳಿಸುವ ತಂತ್ರಜ್ಞ ಎಂಬ ಹೊಸ ವ್ಯಕ್ತಿ ಆಗ ಹುಟ್ಟಿಕೊಂಡ. ತೀರ್ಮಾನ ಯಂತ್ರದ ಕೈಯಿಂದ ಅವನ ಕೈಗೆ ಬಂತು.

ಆದರೂ ಒಂದು ಕಷ್ಟ ಉಳಿದೇ ಇತ್ತು. ಎಲ್ಲರೂ ಏಕಕಾಲಕ್ಕೆ ಹಾಡಿ ನುಡಿಸಬೇಕು. ಒಬ್ಬರು ತಪ್ಪಿದರೆ ಎಲ್ಲರೂ ಮೊದಲಿನಿಂದ. ನಮ್ಮ ದೇಶದಲ್ಲಿ 1935ರಲ್ಲಿ ಕಲ್ಕತ್ತೆಯ ನ್ಯೂ ಥಿಯೇಟರ್ಸ್ ಸಂಸ್ಥೆಯ ಚಿತ್ರದಲ್ಲಿ ಹಿನ್ನೆಲೆ ಗಾಯನ ಆರಂಭವಾದ ಮೇಲೂ ಬಹುಕಾಲ ಹೀಗೆಯೇ ನಡೆಯಿತು. ಕನ್ನಡ ಚಿತ್ರಗೀತೆಗಳು ದಶಕಗಳ ಕಾಲ ಮುದ್ರಣವಾದದ್ದು ಮದರಾಸಿನಲ್ಲಿ. ಗಾಯಕರೂ ವಾದ್ಯವೃಂದವೂ ಒಂದೇ ಸ್ಟುಡಿಯೋದಲ್ಲಿ ಸೇರಿ ಒಂದೇ ಓಟದಲ್ಲಿ ಹಾಡು ಮುಗಿಸುತ್ತಿದ್ದರು. ಆ ಹಾಡುಗಳನ್ನು ಮತ್ತೊಮ್ಮೆ ಕೇಳುವಾಗ ಈ ಸಂಗತಿ ನೆನಪಿರಲಿ.

ಪದರದ ಮೇಲೆ ಪದರ

ದನಿಯನ್ನು ವಾದ್ಯದಿಂದ ಬಿಡಿಸಿ, ಬೇರೆ ಹೊತ್ತಿನಲ್ಲಿ ಹಾಡಿಸಿ, ಆಮೇಲೆ ಕೂಡಿಸಬಹುದು ಎಂಬುದನ್ನು ಎಲ್ಲರಿಗೂ ಮನಗಾಣಿಸಿದವರಲ್ಲಿ ಮುಖ್ಯರು ಅಮೆರಿಕದ ಗಿಟಾರ್ ವಾದಕ ಲೆಸ್ ಪಾಲ್. ವಿಶೇಷವೇನೆಂದರೆ, ಅವರು ಇದನ್ನು ಮಾಡಿದ್ದು ದೊಡ್ಡ ಸ್ಟುಡಿಯೋದಲ್ಲಿ ಅಲ್ಲ, ತಮ್ಮ ಮನೆಯಲ್ಲಿ. ಹಾಲಿವುಡ್‌ನಲ್ಲಿದ್ದ ಮನೆಯ ಗ್ಯಾರೇಜಿನಲ್ಲಿ ಸ್ವತಃ ಕಟ್ಟಿಕೊಂಡ ಯಂತ್ರದಿಂದ, ಒಂದು ತಟ್ಟೆಯನ್ನು ನುಡಿಸುತ್ತಾ ಅದರೊಂದಿಗೆ ತಾವೂ ನುಡಿಸಿ ಎರಡನೆಯ ತಟ್ಟೆಗೆ ಮುದ್ರಿಸುವುದು. ಅದರ ಮೇಲೆ ಮೂರನೆಯದು, ನಾಲ್ಕನೆಯದು. 1948ರಲ್ಲಿ ಹೊರಬಂದ ‘ಲವರ್’ ಎಂಬ ಮುದ್ರಿಕೆಯಲ್ಲಿ ಕೇಳುವ ಗಿಟಾರುಗಳೆಲ್ಲ ಅವರೊಬ್ಬರೇ ನುಡಿಸಿದ್ದು.

ಅಷ್ಟರಲ್ಲಿ ಜರ್ಮನಿಯಲ್ಲಿ ಬೆಳೆದಿದ್ದ ಕಾಂತೀಯ ಟೇಪು ಯುದ್ಧಾನಂತರ ಅಮೆರಿಕಕ್ಕೂ ಬಂದಿತ್ತು. 1949ರಲ್ಲಿ ಬಿಂಗ್ ಕ್ರಾಸ್ಬಿ ಲೆಸ್ ಪಾಲ್‌ಗೆ ಒಂದು ಆಂಪೆಕ್ಸ್ ಟೇಪ್‌ರೆಕಾರ್ಡರನ್ನು ಕೊಟ್ಟರು. ಅದಕ್ಕೆ ಹೆಚ್ಚಿನ ಪ್ಲೇಬ್ಯಾಕ್ ತಲೆಯೊಂದನ್ನು ಜೋಡಿಸಿಕೊಂಡು ಅವರು ಪದರದ ಮೇಲೆ ಪದರ ಹಾಕತೊಡಗಿದರು. ಪತ್ನಿ ಮೇರಿ ಫೋರ್ಡ್ ಮೈಕಿಗೆ ತೀರಾ ಹತ್ತಿರ ನಿಂತು, ತಮ್ಮ ದನಿಗೆ ತಾವೇ ಮತ್ತೆ ಮತ್ತೆ ದನಿಗೂಡಿಸಿದರು. 1951ರಲ್ಲಿ ಬಂದ ಅವರ ‘ಹೌ ಹೈ ದ ಮೂನ್’ ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು.

ಈ ವಿಧಾನದಲ್ಲಿ ಎಷ್ಟು ಎದೆಗಾರಿಕೆ ಬೇಕಿತ್ತೆಂದು ಯೋಚಿಸಿ. ಹೊಸ ಪದರ ಹಾಕುವಾಗ ಹಳೆಯ ಮುದ್ರಣ ಅಳಿಸಿಹೋಗುತ್ತಿತ್ತು. ಹತ್ತನೆಯ ಪದರದಲ್ಲಿ ಒಂದು ಸ್ವರ ತಪ್ಪಿದರೆ ಹಿಂದಿನ ಒಂಬತ್ತೂ ವ್ಯರ್ಥ! ಒಮ್ಮೆ ಬೆರೆಸಿದ್ದನ್ನು ಬಿಡಿಸುವಂತಿರಲಿಲ್ಲ. 1957ರಲ್ಲಿ ಎಂಟು ಟ್ರ್ಯಾಕುಗಳ ಟೇಪ್‌ರೆಕಾರ್ಡರ್ ಲೆಸ್ ಪಾಲ್ ಅವರ ಕೈಸೇರಿದಾಗ ಈ ಕಷ್ಟ ತೀರಿತು. ಅಗಲವಾದ ಟೇಪಿನ ಮೇಲೆ ಎಂಟು ಸಾಲು. ಒಂದೊಂದು ಸಾಲಿಗೆ ಒಂದೊಂದು ದನಿ. ಯಾವುದನ್ನು ಬೇಕಾದರೂ ಆಮೇಲೆ ಏರಿಸಬಹುದು, ಇಳಿಸಬಹುದು, ಮತ್ತೆ ಹಾಡಬಹುದು. ಇಂದಿನ ತಂತ್ರಾಂಶಗಳ ಪರದೆಯಲ್ಲಿ ಒಂದರ ಕೆಳಗೊಂದು ಕಾಣುವ ಪಟ್ಟಿಗಳು ಇದೇ ಸಾಲುಗಳ ಸಂತಾನ.

ಕ್ಯಾಸೆಟ್ಟಿನ ಕಾಲ

ಇಂಥ ಯಂತ್ರಗಳ ಬೆಲೆ ಸಾಮಾನ್ಯರ ಕೈಗೆಟುಕುವಂತಿರಲಿಲ್ಲ. ಮನೆಮನೆಗೂ ಬಂದದ್ದು ಕ್ಯಾಸೆಟ್. ಕನ್ನಡದ ಭಾವಗೀತೆಗೆ ಅದು ಹೊಸ ಬಾಗಿಲನ್ನೇ ತೆರೆಯಿತು. 1978ರಲ್ಲಿ ಕವಿ ಕೆ.ಎಸ್. ನಿಸಾರ್ ಅಹಮದ್ ಅವರ ಕವನಗಳ ‘ನಿತ್ಯೋತ್ಸವ’ ಧ್ವನಿಸುರುಳಿ ಮೈಸೂರು ಅನಂತಸ್ವಾಮಿಯವರ ಸಂಗೀತದಲ್ಲಿ ಹೊರಬಂದು ನಾಡಿನುದ್ದಕ್ಕೂ ಕೇಳಿಸಿತು.

ಹಾಡು ಕೇಳಲು ಬಳಸುವ ಅದೇ ಪುಟ್ಟ ಕ್ಯಾಸೆಟ್ಟನ್ನು ಹಾಡು ಕಟ್ಟಲೂ ಬಳಸಬಾರದೇಕೆ? 1979ರಲ್ಲಿ ಜಪಾನಿನ ಟಿಯಾಕ್ ಕಂಪನಿ ‘ಪೋರ್ಟಾಸ್ಟುಡಿಯೋ’ ಎಂಬ ಯಂತ್ರವನ್ನು ಮಾರುಕಟ್ಟೆಗೆ ತಂದಿತು. ಕ್ಯಾಸೆಟ್ಟಿಗೆ ಎರಡು ಬದಿ, ಬದಿಗೆ ಎರಡು ಸಾಲು, ಒಟ್ಟು ನಾಲ್ಕು. ಈ ನಾಲ್ಕನ್ನೂ ಒಂದೇ ದಿಕ್ಕಿನಲ್ಲಿ ಓಡಿಸಿ ನಾಲ್ಕು ಟ್ರ್ಯಾಕುಗಳ ಸ್ಟುಡಿಯೋವನ್ನು ಮೇಜಿನ ಮೇಲೆ ಕೂರಿಸಿದರು. 1982ರಲ್ಲಿ ಅಮೆರಿಕದ ಗಾಯಕ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ತಮ್ಮ ಮನೆಯಲ್ಲಿ ಇಂಥ ಯಂತ್ರದ ಮುಂದೆ ಕುಳಿತು, ವಾದ್ಯವೃಂದಕ್ಕೆ ತೋರಿಸಲೆಂದು ಕೆಲವು ಹಾಡುಗಳ ಕರಡು ಮುದ್ರಿಸಿಕೊಂಡರು. ಅನಂತರ ವೃಂದದೊಂದಿಗೆ ಹಾಡಿ ನೋಡಿದರು. ಕರಡಿನಲ್ಲಿದ್ದ ಜೀವ ಅದರಲ್ಲಿ ಬರಲಿಲ್ಲ. ಕೊನೆಗೆ ಆ ಕ್ಯಾಸೆಟ್ಟಿನ ಹಾಡುಗಳನ್ನೇ ‘ನೆಬ್ರಾಸ್ಕಾ’ ಎಂಬ ಹೆಸರಿನಲ್ಲಿ ಹೊರತಂದರು. ಮನೆಯಲ್ಲಿ ಮುದ್ರಿಸಿದ ದನಿ ಕೀಳಲ್ಲ ಎಂಬುದಕ್ಕೆ ಅದು ದೊಡ್ಡ ಸಾಕ್ಷಿಯಾಯಿತು.

ದನಿ ಅಂಕಿಯಾಯಿತು

ಕಂಪ್ಯೂಟರಿಗೆ ಅರ್ಥವಾಗುವುದು ಅಂಕಿ ಮಾತ್ರ. ಆದ್ದರಿಂದ ದನಿಯ ಏರಿಳಿತವನ್ನು ಸೆಕೆಂಡಿಗೆ ಸಾವಿರಾರು ಸಲ ಅಳೆದು ಅಂಕಿಗಳ ಸಾಲಾಗಿ ಬರೆದಿಡಬೇಕು. 1982ರಲ್ಲಿ ಮಾರುಕಟ್ಟೆಗೆ ಬಂದ ಕಾಂಪ್ಯಾಕ್ಟ್ ಡಿಸ್ಕಿನಲ್ಲಿ ಈ ಅಳತೆ ಸೆಕೆಂಡಿಗೆ 44,100 ಸಲ. ಒಂದೊಂದು ಅಳತೆಗೆ ಎರಡು ಬೈಟು, ಎಡ ಬಲ ಎಂದು ಎರಡು ಚಾನೆಲ್. ನೀವೇ ಗುಣಿಸಿ ನೋಡಿ: ಒಂದು ನಿಮಿಷದ ಹಾಡಿಗೆ 1,05,84,000 ಬೈಟು! ತೊಂಬತ್ತರ ದಶಕದಲ್ಲಿ ಎಲ್ಲರೂ ಬಳಸುತ್ತಿದ್ದ 1.44 ಮೆಗಾಬೈಟ್ ಫ್ಲಾಪಿಯಲ್ಲಿ ಸುಮಾರು ಎಂಟು ಸೆಕೆಂಡಿನ ಹಾಡು ಹಿಡಿಸುತ್ತಿತ್ತು. ಮನೆಯ ಕಂಪ್ಯೂಟರಿಗೆ ಹಾಡು ಬರಲು ಏಕೆ ತಡವಾಯಿತೆಂದು ಈಗ ತಿಳಿಯಿತಲ್ಲವೇ?

ಡಿಸ್ಕುಗಳು ಹಿಗ್ಗಿ ಬೆಲೆ ಇಳಿದಂತೆ ತಂತ್ರಾಂಶಗಳು ಒಂದರ ಹಿಂದೊಂದು ಬಂದವು. ಅಮೆರಿಕದ ಡಿಜಿಡಿಸೈನ್ ಸಂಸ್ಥೆ 1991ರಲ್ಲಿ ತಂದ ‘ಪ್ರೋ ಟೂಲ್ಸ್’ ವೃತ್ತಿಪರ ಸ್ಟುಡಿಯೋಗಳನ್ನು ಸೇರಿತು. 1996ರಲ್ಲಿ ಜರ್ಮನಿಯ ಸ್ಟೈನ್‌ಬರ್ಗ್ ಸಂಸ್ಥೆಯ ‘ಕ್ಯೂಬೇಸ್ ವಿ.ಎಸ್.ಟಿ.’ ಸ್ಟುಡಿಯೋದ ಉಪಕರಣಗಳನ್ನೇ ತಂತ್ರಾಂಶವಾಗಿ ಪರದೆಯೊಳಗೆ ತಂದಿತು. ಸಾಮಾನ್ಯರ ನಡುವೆ ಹೆಸರಾದದ್ದು ‘ಕೂಲ್ ಎಡಿಟ್’. 2003ರಲ್ಲಿ ಅಡೋಬಿ ಸಂಸ್ಥೆ ಅದನ್ನು ಕೊಂಡು ‘ಆಡಿಷನ್’ ಎಂದು ಹೆಸರು ಬದಲಿಸಿತು. ಅಮೆರಿಕದ ಕಾರ್ನಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಡೊಮಿನಿಕ್ ಮಜೋನಿ ಮತ್ತು ರೋಜರ್ ಡ್ಯಾನೆನ್‌ಬರ್ಗ್ ಆರಂಭಿಸಿದ ‘ಆಡಾಸಿಟಿ’ 2000ದ ಮೇ ತಿಂಗಳಲ್ಲಿ ಹೊರಬಂತು. ಅದು ಯಾರು ಬೇಕಾದರೂ ಉಚಿತವಾಗಿ ಬಳಸಬಹುದಾದ ತಂತ್ರಾಂಶ. ಮೇರಿ ಫೋರ್ಡ್ ಅವರ ಹತ್ತನೆಯ ಪದರದ ಆತಂಕ ಇಲ್ಲಿಲ್ಲ. ತಪ್ಪಾದರೆ ಒಂದು ಗುಂಡಿ ಒತ್ತಿ ಹಿಂದಕ್ಕೆ ಹೋಗಬಹುದು.

ಮಿಶ್ರಣದಲ್ಲಿ ಮಾಡುವುದೇನು?

ಮುಖ್ಯವಾಗಿ ನಾಲ್ಕು ಕೆಲಸ. ಮೊದಲನೆಯದು ಮಟ್ಟ: ದನಿ ಎಷ್ಟು ಜೋರಿರಬೇಕು? ಗಾಯಕಿ ಒಂದು ಸಾಲನ್ನು ಮೆಲ್ಲಗೆ, ಮುಂದಿನದನ್ನು ಜೋರಾಗಿ ಹಾಡಿದ್ದರೆ ಅಂತರವನ್ನು ತಗ್ಗಿಸಲು ‘ಕಂಪ್ರೆಸರ್’ ಇದೆ. ಗೌಹರ್ ಜಾನ್ ತಲೆಯನ್ನು ಹಿಂದೆ ಮುಂದೆ ಆಡಿಸಿ ಮಾಡುತ್ತಿದ್ದುದು ಇದನ್ನೇ. ಎರಡನೆಯದು ಸ್ವರಬಣ್ಣ: ತಗ್ಗಿನ ಗುಂಯ್‌ಗುಡುವಿಕೆಯನ್ನು ಇಳಿಸಿ ಪದಗಳನ್ನು ಬಿಡಿಸಿ ಕೇಳಿಸುವುದು ‘ಈಕ್ವಲೈಸರ್’ ಕೆಲಸ.

ಮೂರನೆಯದು ಅನುರಣನ, ಎಂದರೆ ದನಿಗೊಂದು ಕೋಣೆ. ದೇವಸ್ಥಾನದ ಪ್ರಾಕಾರದಲ್ಲಿ ಹಾಡಿದರೆ ದನಿ ಸ್ವಲ್ಪ ಹೊತ್ತು ಉಳಿಯುತ್ತದಲ್ಲ, ಹಾಗೆ. 1957ರಲ್ಲಿ ಜರ್ಮನಿಯ ಇ.ಎಂ.ಟಿ. ಸಂಸ್ಥೆ ಇದಕ್ಕಾಗಿ ದೊಡ್ಡ ಉಕ್ಕಿನ ತಗಡನ್ನು ತೂಗುಹಾಕಿದ ಉಪಕರಣ ಮಾಡಿತ್ತು. ಅದರ ತೂಕ ಸುಮಾರು 270 ಕಿಲೋ! ಇಂದು ಅದು ಪರದೆಯ ಮೇಲಿನ ಒಂದು ಗುಂಡಿ.

ನಾಲ್ಕನೆಯದು ದಿಕ್ಕು. ದನಿಯನ್ನು ಎಡ ಬಲ ಎರಡೂ ಚಾನೆಲ್ಲಿಗೆ ಸಮವಾಗಿ ಹಂಚಿದರೆ ಅದು ನಡುವೆ ನಿಂತಂತೆ ಕೇಳಿಸುತ್ತದೆ. ಇದರಿಂದ ಒಂದು ಸ್ವಾರಸ್ಯವೂ ಉಂಟು. ಎಡದಿಂದ ಬಲವನ್ನು ಕಳೆದರೆ ಎರಡರಲ್ಲೂ ಸಮವಾಗಿರುವುದು ಸೊನ್ನೆಯಾಗುತ್ತದೆ. ಐದರಲ್ಲಿ ಐದು ಕಳೆದಂತೆ. ನಡುವಿನ ದನಿ ಬಹುಮಟ್ಟಿಗೆ ಮಾಯವಾಗಿ, ಪಕ್ಕಗಳಲ್ಲಿದ್ದ ವಾದ್ಯಗಳು ಉಳಿಯುತ್ತವೆ. ಸಾಮಾನ್ಯ ಹಾಡನ್ನು ಕರೋಕೆಗೆ ಒದಗಿಸುವ ಹಳೆಯ ಉಪಾಯ ಇದೇ.

ಶಕ್ತಿ ಮತ್ತು ಹೊಣೆ

1997ರಲ್ಲಿ ಇನ್ನೊಂದು ತಿರುವು. ಭೂಮಿಯೊಳಗಿನ ತೈಲ ನಿಕ್ಷೇಪ ಹುಡುಕಲು ಕಂಪನಗಳ ಗಣಿತ ಮಾಡುತ್ತಿದ್ದ ಆಂಡಿ ಹಿಲ್ಡೆಬ್ರಾಂಡ್ ಅದೇ ಬಗೆಯ ಗಣಿತವನ್ನು ದನಿಗೆ ಹೂಡಿ, ತಪ್ಪಿದ ಶ್ರುತಿಯನ್ನು ತಿದ್ದುವ ‘ಆಟೋ-ಟ್ಯೂನ್’ ತಂದರು. ಈಗ ಬೆರೆತದ್ದನ್ನು ಬಿಡಿಸುವುದೂ ಸಾಧ್ಯ. ಜಾನ್ ಲೆನನ್ ಎಪ್ಪತ್ತರ ದಶಕದಲ್ಲಿ ಮನೆಯಲ್ಲಿ ಪಿಯಾನೋ ನುಡಿಸುತ್ತಾ ಹಾಡಿ ಕ್ಯಾಸೆಟ್ಟಿಗೆ ಮುದ್ರಿಸಿಟ್ಟಿದ್ದ ಹಾಡೊಂದರಿಂದ ಕಂಪ್ಯೂಟರ್ ದನಿಯನ್ನಷ್ಟೇ ಬೇರ್ಪಡಿಸಿತು. 2023ರಲ್ಲಿ ಅದು ‘ನೌ ಅಂಡ್ ದೆನ್’ ಎಂಬ ಬೀಟಲ್ಸ್ ಹಾಡಾಗಿ ಹೊರಬಂತು. ಲೆನನ್ ತೀರಿಕೊಂಡು ಆಗ ಸುಮಾರು 43 ವರ್ಷಗಳಾಗಿದ್ದವು.

ನಮ್ಮ ಪ್ರಶ್ನೆಗೆ ಮರಳೋಣ. ದನಿಯ ಸ್ಥಾನವನ್ನು ಮೊದಲು ಯಂತ್ರ ತೀರ್ಮಾನಿಸಿತು, ಆಮೇಲೆ ತಂತ್ರಜ್ಞ ತೀರ್ಮಾನಿಸಿದ. ಇಂದು ಆ ಅಧಿಕಾರ ನಿಮ್ಮ ಕೈಯಲ್ಲಿದೆ; ಅದರೊಡನೆ ಹೊಣೆಯೂ ಬಂದಿದೆ. ಎಲ್ಲ ದನಿಗಳನ್ನೂ ಒಂದೇ ಎರಕಕ್ಕೆ ಹೊಯ್ದು ನುಣುಪು ಮಾಡುವುದು ಈಗ ಬಹಳ ಸುಲಭ. ಆದರೆ ನಮ್ಮ ಸಂಗೀತದ ಗಮಕ ಸ್ವರದಿಂದ ಸ್ವರಕ್ಕೆ ಜಾರುವುದರಲ್ಲೇ ಇದೆ. ಶ್ರುತಿ ತಿದ್ದುವ ಯಂತ್ರವನ್ನು ಹದವಿಲ್ಲದೆ ಬಿಟ್ಟರೆ ಆ ಜಾರುವಿಕೆಯನ್ನು ತಪ್ಪೆಂದು ಎಣಿಸಿ ಮೆಟ್ಟಿಲು ಮಾಡಿಬಿಡುತ್ತದೆ.

ಮಿತ್ರರೇ, ಬೀಸುವ ಪದ, ಸೋಬಾನೆ, ಜೋಗುಳ ಹಾಡಿದ ನಮ್ಮ ಅಜ್ಜಿಯರಲ್ಲಿ ಬಹುಪಾಲು ಜನರನ್ನು ಯಾವ ಕೊಳವೆಯೂ ಕರೆಯಲಿಲ್ಲ, ಯಾವ ಸ್ಟುಡಿಯೋವೂ ಕರೆಯಲಿಲ್ಲ. ಆ ಹಾಡುಗಳು ಅವರೊಂದಿಗೇ ಹೋಗುತ್ತಿವೆ. ನಿಮ್ಮ ಮನೆಯಲ್ಲೋ ನೆರೆಯಲ್ಲೋ ಹಾಡಬಲ್ಲ ಹಿರಿಯರಿದ್ದರೆ ಅವರ ಒಪ್ಪಿಗೆ ಪಡೆದು ಹಾಡಿಸಿ. ಕಿಟಕಿ ಮುಚ್ಚಿ, ಫ್ಯಾನು ನಿಲ್ಲಿಸಿ, ಮೈಕನ್ನು ಒಂದು ಗೇಣು ದೂರದಲ್ಲಿಡಿ. ಮೂಲ ಮುದ್ರಣವನ್ನು ಮುಟ್ಟದೆ ಬೇರೆ ಇಟ್ಟು, ಪ್ರತಿಯ ಮೇಲೆ ಮಾತ್ರ ಕೈಯಾಡಿಸಿ. ಬೇಕಿದ್ದರೆ ತಂಬೂರಿಯ ಶ್ರುತಿಯನ್ನು ಹಿಂದೆ ಮೆಲ್ಲಗೆ ಬೆರೆಸಿ. ಉಸಿರಿನ ಸದ್ದನ್ನೂ ದನಿಯ ನಡುಕವನ್ನೂ ಅಳಿಸಬೇಡಿ.

ಕೆಲಸ ಮುಗಿದ ಮೇಲೆ ಮೊದಲು ಹಾಡಿದವರಿಗೇ ಕೇಳಿಸಿ. ಅದು ತಮ್ಮದೇ ದನಿ ಎಂದು ಅವರು ಒಪ್ಪಿದರೆ ನಿಮ್ಮ ಮಿಶ್ರಣ ಸರಿಯಾಗಿದೆ ಎಂದು ತಿಳಿಯಿರಿ.