ಬೆಲ್ಲಿಂಗ್‌ಹ್ಯಾಮನ ಕೈಗವಸು: ‘ದಿ ಸ್ಕಾರ್ಲೆಟ್ ಲೆಟರ್’ನಲ್ಲಿ ಒಂದು ತಿಂಗಳ ವ್ಯತ್ಯಾಸ

ಹಾಥಾರ್ನ್ ಕುರಿತು 1879ರಲ್ಲಿ ಬರೆದ ಪುಸ್ತಕದಲ್ಲಿ ಹೆನ್ರಿ ಜೇಮ್ಸ್ ಒಂದು ತೀರ್ಪು ಕೊಟ್ಟ. ‘ದಿ ಸ್ಕಾರ್ಲೆಟ್ ಲೆಟರ್’ನಲ್ಲಿ ಇತಿಹಾಸದ ಬಣ್ಣ ತೆಳುವಾಗಿದೆ, ವಿವರಗಳ ಕುಸುರಿ ಕಡಿಮೆ ಎಂಬುದು ಅದರ ಸಾರ. ಹೇಳಿದವನು ದೊಡ್ಡ ಕಾದಂಬರಿಕಾರ. ಹಾಗಾಗಿ ಆ ಮಾತು ಪರೀಕ್ಷೆಗೆ ಒಳಗಾಗದೆ ತರಗತಿಯಿಂದ ತರಗತಿಗೆ ದಾಟಿಬಂತು. 1850ರ ಈ ಕಾದಂಬರಿಯನ್ನು ಪಾಪ, ನಾಚಿಕೆ, ಬೂಟಾಟಿಕೆಗಳ ನೀತಿಕಥೆಯೆಂದು ಓದಿ, 17ನೆಯ ಶತಮಾನದ ಬಾಸ್ಟನ್ನನ್ನು ಹಿಂಬದಿಯ ಪರದೆಯೆಂದು ಬದಿಗಿಡುವ ರೂಢಿಗೆ ಅದು ಬಲ ಕೊಟ್ಟಿತು.

ಆ ಪರದೆಯ ನೂಲುಗಳನ್ನು ಎಣಿಸಿ ತೋರಿಸಿದವರು ಚಾರ್ಲ್ಸ್ ರಿಸ್ಕ್ಯಾಂಪ್. ಹಾಥಾರ್ನ್ ತನ್ನ ಬಾಸ್ಟನ್ನಿಗೆ ಕೇಲೆಬ್ ಸ್ನೋ 1825ರಲ್ಲಿ ಬರೆದ ನಗರಚರಿತ್ರೆಯನ್ನು ಎಷ್ಟು ನಿಕಟವಾಗಿ ಬಳಸಿಕೊಂಡ ಎಂಬುದು ಅವರ 1959ರ ಲೇಖನದಿಂದ ಸ್ಪಷ್ಟವಾಯಿತು. ಮುಂದಿನವರೆಲ್ಲ ಅವರಿಗೆ ಋಣಿಗಳೇ. ಆದರೆ ಒಂದು ಹೆಸರು ಯಾವ ಪುಸ್ತಕದಿಂದ ಬಂತೆಂದು ತಿಳಿದ ಮಾತ್ರಕ್ಕೆ ಅದು ಆ ಜಾಗದಲ್ಲಿ ಏಕೆ ಕೂತಿದೆ ಎಂಬ ಪ್ರಶ್ನೆ ತೀರುವುದಿಲ್ಲ. ಅಂಥ ಹೆಸರುಗಳಲ್ಲಿ ಮುಖ್ಯವಾದುದು ಗವರ್ನರ್ ರಿಚರ್ಡ್ ಬೆಲ್ಲಿಂಗ್‌ಹ್ಯಾಮ್.

ಮೊದಲ ದೃಶ್ಯ ಎಲ್ಲರಿಗೂ ಗೊತ್ತು. ಹೆಸ್ಟರ್ ಪ್ರಿನ್ ಕೂಸನ್ನೆತ್ತಿಕೊಂಡು ಶಿಕ್ಷೆಯ ಅಟ್ಟಣಿಗೆಯ ಮೇಲೆ ನಿಂತಿದ್ದಾಳೆ. ಮೇಲಿನ ಉಪ್ಪರಿಗೆಯಲ್ಲಿ ಬೆಲ್ಲಿಂಗ್‌ಹ್ಯಾಮ್ ಗವರ್ನರನಾಗಿ ಕೂತಿದ್ದಾನೆ. ತಿಂಗಳು ಜೂನ್. ವರ್ಷವನ್ನು ಹಾಥಾರ್ನ್ ಎಲ್ಲಿಯೂ ಹೇಳುವುದಿಲ್ಲ. 1642 ಎಂಬುದು ವಿದ್ವಾಂಸರು ಹಿಂದಕ್ಕೆ ಎಣಿಸಿ ಪಡೆದದ್ದು. ಏಳು ವರ್ಷಗಳ ನಂತರದ ರಾತ್ರಿಯ ದೃಶ್ಯದಲ್ಲಿ ಜಾನ್ ವಿನ್‌ಥ್ರಪ್ ಸಾಯುತ್ತಾನೆ. ಆತ ನಿಜವಾಗಿ ಸತ್ತದ್ದು 1649ರಲ್ಲಿ. ಆದರೆ 1642ರ ಮೇ ತಿಂಗಳ ಚುನಾವಣೆಯಲ್ಲೇ ಬೆಲ್ಲಿಂಗ್‌ಹ್ಯಾಮನ ಅಧಿಕಾರ ಹೋಗಿ ವಿನ್‌ಥ್ರಪ್ ಗವರ್ನರನಾಗಿದ್ದ. ಅಂದರೆ ಜೂನ್ ತಿಂಗಳ ಆ ಉಪ್ಪರಿಗೆಯಲ್ಲಿ ಕೂರಬೇಕಾದವನು ಬೇರೆ.

ಇದನ್ನು ಕೈತಪ್ಪು ಎನ್ನಬಹುದೆ? ವಿನ್‌ಥ್ರಪ್ ಸತ್ತದ್ದು ಮಾರ್ಚ್ 26ರಂದು; ಕಾದಂಬರಿ ಅದನ್ನು ಮೇ ತಿಂಗಳಿಗೆ ಒಯ್ದಿದೆ. ಒಂದೆರಡು ತಿಂಗಳ ಹೊಂದಾಣಿಕೆಗೆ ಹಾಥಾರ್ನ್ ಹಿಂಜರಿಯುವವನಲ್ಲ ಎಂದು ವಾದಿಸಲು ಇಷ್ಟು ಸಾಕು. ಆದರೆ ಏಳನೆಯ ಅಧ್ಯಾಯದ ಆರಂಭ ಈ ವಾದಕ್ಕೆ ಅಡ್ಡ ಬರುತ್ತದೆ. ಅಲ್ಲಿಗೆ ಕೂಸು ಪರ್ಲ್‌ಗೆ ಸುಮಾರು ಮೂರು ವರ್ಷ. ಬೆಲ್ಲಿಂಗ್‌ಹ್ಯಾಮನ ಮನೆಗೆ ಹೆಸ್ಟರ್ ಹೋಗುವಾಗ ನಿರೂಪಕ ಮರೆಯದೆ ಒಂದು ಮಾತು ಸೇರಿಸುತ್ತಾನೆ: ಚುನಾವಣೆಯ ಏರಿಳಿತದಲ್ಲಿ ಈತ ಅತ್ಯುಚ್ಚ ಸ್ಥಾನದಿಂದ ಒಂದೆರಡು ಮೆಟ್ಟಿಲು ಇಳಿದಿದ್ದ. ಸೋಲು ಹಾಥಾರ್ನನಿಗೆ ಗೊತ್ತಿತ್ತು. ಗೊತ್ತಿದ್ದೂ ಹೆಸ್ಟರಳ ವಿಚಾರಣೆಯ ದಿನ ಆತನನ್ನೇ ಪೀಠದಲ್ಲಿ ಉಳಿಸಿದ್ದಾನೆ. ‘ಇತಿಹಾಸದ ಬಣ್ಣ ತೆಳು’ ಎನ್ನುವವರು ಈ ಒಂದು ವಾಕ್ಯಕ್ಕೆ ಉತ್ತರ ಹೇಳಬೇಕಾಗುತ್ತದೆ.

ಆತನನ್ನೇ ಏಕೆ? ಕಾದಂಬರಿಯಲ್ಲಿ ಮಿಸ್ಟ್ರೆಸ್ ಹಿಬಿನ್ಸ್ ಬೆಲ್ಲಿಂಗ್‌ಹ್ಯಾಮನ ಅಕ್ಕನಾಗಿ ಬರುತ್ತಾಳೆ. ಮಾಟಗಾತಿಯೆಂದು ಮುಂದೆ 1656ರಲ್ಲಿ ಗಲ್ಲಿಗೇರಿದ ಆ್ಯನ್ ಹಿಬಿನ್ಸಳೇ ಈಕೆ. ಅವಳಿಗೊಂದು ಮನೆ ಬೇಕಿತ್ತು, ಆದ್ದರಿಂದ ಈತ ಬಂದ ಎಂದು ಸಮಾಧಾನ ಮಾಡಿಕೊಳ್ಳಬಹುದು. ಆ ಸಮಾಧಾನ ಸಾಲದು. ಅಕ್ಕನ ಮನೆಗೆ ತಮ್ಮ ಗವರ್ನರನೇ ಆಗಿರಬೇಕೆಂದಿಲ್ಲ. ಏಳನೆಯ ಅಧ್ಯಾಯದ ಹೊತ್ತಿಗೆ ಆತ ಗವರ್ನರನಲ್ಲ, ಆದರೂ ಅಕ್ಕ ಅಲ್ಲೇ ಇದ್ದಾಳೆ.

ಉತ್ತರ ಇರುವುದು ವಿನ್‌ಥ್ರಪ್‌ನ ದಿನಚರಿಯಲ್ಲಿ, 1641ರ ನಮೂದುಗಳಲ್ಲಿ. ಆಗ ಗವರ್ನರನಾಗಿದ್ದ ಬೆಲ್ಲಿಂಗ್‌ಹ್ಯಾಮನ ವಯಸ್ಸು ಐವತ್ತರ ಆಸುಪಾಸು. ಆತನ ಮನೆಯಲ್ಲಿದ್ದ ಗೆಳೆಯನೊಬ್ಬನಿಗೂ ಪೆನೆಲೊಪಿ ಪೆಲ್‌ಹ್ಯಾಮ್ ಎಂಬ ಯುವತಿಗೂ ಮದುವೆಯ ಮಾತು ನಡೆದು ಬಹುಪಾಲು ನಿಶ್ಚಯವಾಗಿತ್ತು. ನಡುವೆ ಬಂದ ಗವರ್ನರ್ ತಾನೇ ಅವಳನ್ನು ಮದುವೆಯಾದ. ಮದುವೆಯನ್ನು ಮುಂಚಿತವಾಗಿ ಸಾರ್ವಜನಿಕವಾಗಿ ಸಾರಬೇಕೆಂಬ ಆಜ್ಞೆಯನ್ನು ಪಾಲಿಸಲಿಲ್ಲ. ಅಷ್ಟೇ ಅಲ್ಲ, ತನ್ನ ಮದುವೆಯನ್ನು ತಾನೇ ಅಧಿಕಾರಿಯಾಗಿ ನೆರವೇರಿಸಿಕೊಂಡ. ದೂರು ದಾಖಲಾಯಿತು. ಕಾರ್ಯದರ್ಶಿ ಹೆಸರು ಕೂಗಿದಾಗ, ಆರೋಪಿಯಾದವನು ಪೀಠದಿಂದ ಇಳಿದು ನಿಲ್ಲುವ ವಾಡಿಕೆಯಿತ್ತು. ಬೆಲ್ಲಿಂಗ್‌ಹ್ಯಾಮ್ ಇಳಿಯಲಿಲ್ಲ. ಪ್ರಕರಣ ಮುಂದಕ್ಕೆ ಹೋಯಿತು, ಅಲ್ಲಿಗೆ ನಿಂತಿತು.

ಅದೇ 1641ರ ಡಿಸೆಂಬರಿನಲ್ಲಿ, ಈತನ ಆಡಳಿತದಲ್ಲೇ, ಮಾಸಚೂಸೆಟ್ಸ್ ವಸಾಹತು ‘ಬಾಡಿ ಆಫ್ ಲಿಬರ್ಟೀಸ್’ ಎಂಬ ಕಾನೂನುಸಂಹಿತೆಯನ್ನು ಒಪ್ಪಿಕೊಂಡಿತು. ವ್ಯಭಿಚಾರಕ್ಕೆ ಮರಣದಂಡನೆ ಎಂಬುದು ಅದರಲ್ಲಿತ್ತು. ಅದು ಬಾಯಿಮಾತಿನ ಬೆದರಿಕೆಯಾಗಿರಲಿಲ್ಲ: 1644ರಲ್ಲಿ ಮೇರಿ ಲೇಥಮ್ ಮತ್ತು ಜೇಮ್ಸ್ ಬ್ರಿಟನ್ ಇಬ್ಬರೂ ಅದೇ ಅಪರಾಧಕ್ಕೆ ಗಲ್ಲಿಗೇರಿದರು. ಕಾದಂಬರಿಯ ಮೂರನೆಯ ಅಧ್ಯಾಯದಲ್ಲಿ ಊರವನೊಬ್ಬ ಈ ಕಾನೂನನ್ನೇ ನೆನೆಯುತ್ತಾನೆ. ಶಿಕ್ಷೆ ಸಾವೇ, ಆದರೆ ನ್ಯಾಯಾಧೀಶರು ಕರುಣೆ ತೋರಿ ಮೂರು ಗಂಟೆ ಅಟ್ಟಣಿಗೆಯ ಮೇಲೆ ನಿಲ್ಲಿಸಿ, ಬದುಕಿನುದ್ದಕ್ಕೂ ಎದೆಯ ಮೇಲೆ ಅಕ್ಷರ ಧರಿಸುವ ಆಜ್ಞೆ ಕೊಟ್ಟಿದ್ದಾರೆ ಎನ್ನುತ್ತಾನೆ. ತನ್ನ ವಿಚಾರಣೆಗೆ ಪೀಠ ಬಿಟ್ಟು ಇಳಿಯದವನು ಅದೇ ಪೀಠದಿಂದ ಅಕ್ಷರ ಹೊತ್ತವಳನ್ನು ಕೆಳಗೆ ನೋಡುತ್ತಿದ್ದಾನೆ. ಒಂದು ತಿಂಗಳ ವ್ಯತ್ಯಾಸದಿಂದ ಹಾಥಾರ್ನ್ ಗಳಿಸಿದ್ದು ಈ ಚಿತ್ರವನ್ನು.

ಆಕ್ಷೇಪವೊಂದಿದೆ, ಅದು ಹಗುರವಾದುದಲ್ಲ. ಪೆನೆಲೊಪಿಯ ಹೆಸರು ಕಾದಂಬರಿಯಲ್ಲಿ ಒಮ್ಮೆಯೂ ಬರುವುದಿಲ್ಲ. ನಿಜ. ಆದರೆ ದಿನಚರಿಯ ಈ ಭಾಗ 1790ರಿಂದಲೇ ಅಚ್ಚಿನಲ್ಲಿತ್ತು. ಜೇಮ್ಸ್ ಸ್ಯಾವೇಜ್ ಸಂಪಾದಿಸಿದ ಪೂರ್ಣ ಪಾಠ 1825–26ರಲ್ಲಿ ಹೊರಬಂತು. ಸೇಲಂ ಅಥೀನಿಯಂ ಗ್ರಂಥಾಲಯದ ಎರವಲು ದಾಖಲೆಗಳನ್ನು ಮೇರಿಯನ್ ಕೆಸಲ್ರಿಂಗ್ 1949ರಲ್ಲಿ ಪ್ರಕಟಿಸಿದ ಮೇಲೆ, ಹಾಥಾರ್ನ್ ವಸಾಹತಿನ ಚರಿತ್ರೆಯನ್ನು ವರ್ಷಗಟ್ಟಲೆ ಓದಿದವನೆಂಬುದರಲ್ಲಿ ಸಂಶಯಕ್ಕೆ ಎಡೆಯಿಲ್ಲ. ಇನ್ನು ಮೌನದ ಮಾತು. ಇಡೀ ಕಥೆ ಯಾವ ಅಪರಾಧದ ಸುತ್ತ ತಿರುಗುತ್ತದೆಯೋ ಆ ‘ವ್ಯಭಿಚಾರ’ ಎಂಬ ಪದವೇ ಈ ಪುಸ್ತಕದಲ್ಲಿ ಇಲ್ಲ. ಆರೋಪಿಯ ಪಾಪಕ್ಕೆ ಹೆಸರಿಲ್ಲದಂತೆ ನ್ಯಾಯಾಧೀಶನ ಮನೆಯಲ್ಲಿ ಹೆಂಡತಿಯೂ ಇಲ್ಲ. ಅಕ್ಕ ಇದ್ದಾಳೆ, ಆಳು ಇದ್ದಾನೆ, ಗೋಡೆಯ ಮೇಲೆ ಪೂರ್ವಜರ ಚಿತ್ರಗಳಿವೆ. ಇವೆರಡು ಖಾಲಿ ಜಾಗಗಳು ಒಂದೇ ಕೈಯ ಕೆಲಸವೆಂದು ಈ ಲೇಖನ ನಂಬುತ್ತದೆ. ಹೆಸ್ಟರಳ ಹಿಂದೆ ಆ್ಯನ್ ಹಚಿನ್‌ಸನ್ನಳ ಹೆಜ್ಜೆಗುರುತು ಹುಡುಕಿದ ಮೈಕೆಲ್ ಕೊಲಾಕರ್ಚಿಯೊ ಅವರ 1972ರ ಲೇಖನ ಕಲಿಸಿದ ಓದು ಇದು. ಹಾಥಾರ್ನ್ ಮುಚ್ಚಿಟ್ಟ ಇತಿಹಾಸವನ್ನು ಅವನು ಬಿಚ್ಚಿಟ್ಟದ್ದರಷ್ಟೇ ಗಂಭೀರವಾಗಿ ಅವರು ಓದಿದರು.

ಇನ್ನು ಕೈಗವಸು. ಏಳನೆಯ ಅಧ್ಯಾಯದಲ್ಲಿ ಹೆಸ್ಟರ್ ಆ ಮನೆಗೆ ಹೋದದ್ದು ಪರ್ಲ್‌ಳನ್ನು ತನ್ನಿಂದ ಕಿತ್ತುಕೊಳ್ಳುವ ಸುದ್ದಿ ಕೇಳಿ. ಆದರೆ ಕೈಯಲ್ಲಿ ಬೆಲ್ಲಿಂಗ್‌ಹ್ಯಾಮನೇ ಹೇಳಿ ಮಾಡಿಸಿದ, ಅವಳೇ ಕಸೂತಿ ಹಾಕಿ ಅಂಚು ಕಟ್ಟಿದ ಒಂದು ಜೊತೆ ಕೈಗವಸು ಇತ್ತು, ಯಾವುದೋ ರಾಜ್ಯಸಮಾರಂಭಕ್ಕೆ ತೊಡಲು. ಮಾಸಚೂಸೆಟ್ಸ್ 1634ರಲ್ಲೇ ಬೆಳ್ಳಿ ಬಂಗಾರದ ಜರಿಯ ಉಡುಪಿಗೆ ನಿಷೇಧ ಹಾಕಿತ್ತು. 1651ರ ಕಾನೂನು 200 ಪೌಂಡಿಗಿಂತ ಕಡಿಮೆ ಆಸ್ತಿಯವರನ್ನು ಬಿಗಿಮಾಡಿ, ಅಧಿಕಾರಿಗಳಿಗೆ ವಿನಾಯಿತಿ ಕೊಟ್ಟಿತು. ಐದನೆಯ ಅಧ್ಯಾಯ ಈ ಎರಡನೆಯ ತರ್ಕವನ್ನು ಕೆಲ ವರ್ಷ ಮುಂಚೆಯೇ ತಂದುಕೊಂಡಿದೆ: ಸಾಮಾನ್ಯರಿಗೆ ಬೇಡವೆಂದದ್ದು ದೊಡ್ಡವರ ಕೈಗೆ ಅಗತ್ಯವಾಗುತ್ತದೆ. ಅವಳ ಎದೆಯ ಅಕ್ಷರವನ್ನು ಹೊಲಿದ ಸೂಜಿಯೇ ಅವರ ಕೈಗವಸನ್ನೂ ಹೊಲಿಯುತ್ತದೆ, ಸಾಯುವ ವಿನ್‌ಥ್ರಪ್‌ನ ನಿಲುವಂಗಿಗೆ ಅಳತೆ ತೆಗೆಯುವವಳೂ ಅವಳೇ. ಮದುಮಗಳ ಮುಸುಕಿಗೆ ಮಾತ್ರ ಅವಳನ್ನು ಯಾರೂ ಕರೆಯುವುದಿಲ್ಲ. ಬೆಲ್ಲಿಂಗ್‌ಹ್ಯಾಮನ ಹಜಾರದಲ್ಲಿ ಉಜ್ಜಿ ಹೊಳಪಿಟ್ಟ ಉಕ್ಕಿನ ಕವಚವೊಂದಿದೆ. ಅದರೆದುರು ನಿಂತಾಗ ಅಕ್ಷರ ಭೂತಾಕಾರಕ್ಕೆ ಬೆಳೆದು, ಹೆಸ್ಟರ್ ಅದರ ಹಿಂದೆ ಮರೆಯಾಗುತ್ತಾಳೆ. ಅವಳನ್ನು ಅಕ್ಷರ ಮಾತ್ರವಾಗಿ ತೋರಿಸುವ ಕನ್ನಡಿ ಬೇರೆಲ್ಲೂ ಅಲ್ಲ, ಆತನ ಮನೆಯಲ್ಲಿದೆ. ಇಷ್ಟು ವಿವರವನ್ನು ಹೆನ್ರಿ ಜೇಮ್ಸ್ ಗಮನಿಸದೆ ಹೋದದ್ದು ಅಚ್ಚರಿ.

ಕಾದಂಬರಿಯಲ್ಲಿ ಇನ್ನೊಂದು ಕೈಗವಸೂ ಇದೆ. ವಿನ್‌ಥ್ರಪ್ ಸತ್ತ ರಾತ್ರಿ ಪಾದ್ರಿ ಡಿಮ್ಸ್‌ಡೇಲ್ ಕತ್ತಲಲ್ಲಿ, ಯಾರೂ ನೋಡದ ಹೊತ್ತಿನಲ್ಲಿ, ಅದೇ ಅಟ್ಟಣಿಗೆ ಹತ್ತಿರುತ್ತಾನೆ. ಮರುದಿನ ಅವನ ಉಪದೇಶ ಮುಗಿದ ಮೇಲೆ ಚರ್ಚಿನ ಮುದಿ ಚಾಕರ ಕಪ್ಪು ಕೈಗವಸೊಂದನ್ನು ತಂದು ಹಿಡಿಯುತ್ತಾನೆ. ಪಾಪಿಗಳನ್ನು ನಿಲ್ಲಿಸುವ ಜಾಗದಲ್ಲಿ ಸಿಕ್ಕಿತು, ಸೈತಾನನೇ ಬೀಳಿಸಿ ಹೋಗಿರಬೇಕು ಎನ್ನುತ್ತಾನೆ. ಪಾದ್ರಿ ಅದು ತನ್ನದೇ ಇರಬೇಕೆಂದು ಒಪ್ಪಿಕೊಳ್ಳುತ್ತಾನೆ. ಅಲ್ಲಿಗೆ ಹೇಗೆ ಹೋಯಿತೆಂದು ಹೇಳುವುದಿಲ್ಲ.