ಎಡಗೈ ಹುಡುಕಿದ ಬ್ರೇಕು

ಮೊನ್ನೆ ಭಾನುವಾರ ಬೆಳಿಗ್ಗೆ ನನ್ನ ಎಡಗೈ ನನ್ನ ಮಾನ ಕಳೆಯುವುದರಲ್ಲಿತ್ತು.

ವಿಷಯ ಇಷ್ಟೇ. ನಮ್ಮ ಟೀಮಿನ ಹಿರಿಯರೊಬ್ಬರ ಹತ್ತಿರ ಹೋಂಡಾ ಗೋಲ್ಡ್ ವಿಂಗ್ ಇದೆ. 1833 ಸಿಸಿ, ಆರು ಸಿಲಿಂಡರು, ತೂಕ ಸುಮಾರು 380 ಕಿಲೋ. ನಾನೋ, ಆರು ವರ್ಷದಿಂದ ಆಕ್ಟಿವಾದಲ್ಲಿ ಆಫೀಸಿಗೆ ಹೋಗುವವನು. "ಒಂದು ರೌಂಡು ಹೊಡೀತೀಯೇನಪ್ಪ?" ಅಂತ ಅವರು ಕೇಳಿದಾಗ ಬೇಡ ಅನ್ನಲು ನಾಲಿಗೆ ಏಳಲಿಲ್ಲ. ದೇವನಹಳ್ಳಿ ಕಡೆ, ಸೈಟುಗಳೆಲ್ಲ ಮಾರಾಟವಾಗಿ ಮನೆ ಮಾತ್ರ ಒಂದೂ ಏಳದ ಬಡಾವಣೆ. ಒಳ್ಳೆಯ ಡಾಂಬರು ರಸ್ತೆ, ದನಗಳನ್ನು ಬಿಟ್ಟರೆ ಟ್ರಾಫಿಕ್ ಇಲ್ಲ.

ಬೆಟ್ಟ ಹತ್ತುವ ಭಯದಲ್ಲೇ ಹತ್ತಿ ಕೂತೆ. ಆಶ್ಚರ್ಯ! ಎರಡೂ ಕಾಲು ನೆಲಕ್ಕೆ ಸಿಕ್ಕವು. ಸೀಟಿನ ಎತ್ತರ ಹೆಚ್ಚೂಕಡಿಮೆ ನನ್ನ ಸ್ಕೂಟರಿನಷ್ಟೇ. ಕ್ಲಚ್ ಇಲ್ಲ, ಗೇರು ತಾನೇ ಬದಲಾಗುತ್ತದೆ. ಮುಂದೆ ಗಾಳಿ ತಡೆಯುವ ಗಾಜು, ಹಿಂದೆ ದೊಡ್ಡ ಡಿಕ್ಕಿ. ನಿಧಾನಕ್ಕೆ ಆಕ್ಸಿಲರೇಟರ್ ತಿರುವಿದೆ. ಗಾಡಿ ಕದಲಿದ್ದೇ ತಡ, ಅಷ್ಟು ತೂಕ ಎಲ್ಲಿ ಹೋಯಿತೋ! ಅರ್ಧ ಕಿಲೋಮೀಟರ್ ಹೋಗುವಷ್ಟರಲ್ಲಿ ನನಗೆ ಧೈರ್ಯ ಬಂತು. ಬಂದದ್ದೇ ತಪ್ಪು. ಅಡ್ಡಕ್ಕೆ ಒಂದು ಹಸು ಬಂತು. ನನ್ನ ಎಡಗೈ ಅಭ್ಯಾಸಬಲದಿಂದ ಬ್ರೇಕ್ ಹಿಡಿಯಲು ಹೋಯಿತು. ಅಲ್ಲಿ ಲಿವರೇ ಇಲ್ಲ! ಎಡಗೈ ಗಾಳಿಯನ್ನು ಹಿಸುಕಿತು. ಆಮೇಲೆ ಬಲಗೈ ಬ್ರೇಕ್ ಒತ್ತಿದೆನಾದರೂ, ಹ್ಯಾಂಡಲ್ ನೆಟ್ಟಗಿದ್ದದ್ದು ನನ್ನ ಪುಣ್ಯ. ಸ್ವಲ್ಪ ತಿರುಗಿದ್ದಿದ್ದರೂ ಆ 380 ಕಿಲೋ ಮಗುಚಿಕೊಳ್ಳುತ್ತಿತ್ತು, ತಡೆಯಲು ನನ್ನ ಕಾಲಿಗೆ ಶಕ್ತಿ ಇರಲಿಲ್ಲ.

"ಎಡಗೈಗೆ ಕೆಲಸ ಇಲ್ಲ ಕಣಪ್ಪ. ಹಿಂದಿನ ಬ್ರೇಕು ಬಲಗಾಲಲ್ಲಿದೆ" ಅಂದರು ಅವರು, ಓಡಿ ಬಂದು. ಹಸು ನಿಧಾನವಾಗಿ ದಾಟಿತು.

ಮನೆಗೆ ಬಂದ ಮೇಲೂ ಒಂದು ಪ್ರಶ್ನೆ ತಲೆಯಲ್ಲಿ ಕೊರೆಯುತ್ತಿತ್ತು. ನಾನು ಹತ್ತಿದ್ದು ಮೋಟಾರ್ ಸೈಕಲ್, ಆದರೆ ಕೈ ಅದನ್ನು ಸ್ಕೂಟರ್ ಅಂತ ತಿಳಿಯಿತು. ಕೈ ತಿಳಿದದ್ದು ಪೂರ್ತಿ ಸುಳ್ಳೇ? ಆ ಪ್ರಶ್ನೆಯ ಬಾಲ ಹಿಡಿದು ಇತಿಹಾಸಕ್ಕೆ ಹೋದೆ.

ಮೊದಲು ಇಟಲಿ. ಪಿಯಾಜಿಯೊ ವಿಮಾನ ಮಾಡುತ್ತಿದ್ದ ಕಂಪನಿ. ಎರಡನೇ ಮಹಾಯುದ್ಧದ ಬಾಂಬುಗಳಿಗೆ ಅವರ ಪೊಂತೆದೆರಾ ಕಾರ್ಖಾನೆ ಹಾಳಾಯಿತು. ಯುದ್ಧ ಮುಗಿದಾಗ ಜನರಿಗೆ ಬೇಕಾದದ್ದು ವಿಮಾನವಲ್ಲ, ಅಗ್ಗದ ಓಡಾಟ. ಮಾಲೀಕ ಎನ್ರಿಕೊ ಪಿಯಾಜಿಯೊ ಮಾಡಿಸಿದ ಮೊದಲ ಮಾದರಿ ಅವನಿಗೇ ಹಿಡಿಸಲಿಲ್ಲ. ಆಗ ಕೊರಾದಿನೊ ದಾಸ್ಕಾನಿಯೊ ಅನ್ನುವ ಇಂಜಿನಿಯರಿಗೆ ಕೆಲಸ ವಹಿಸಿದ. 1930ರಲ್ಲಿ ಈತನ ಹೆಲಿಕಾಪ್ಟರು ದಾಖಲೆ ಮಾಡಿತ್ತು. ತಮಾಷೆ ಏನು ಗೊತ್ತೇ? ಈ ಮನುಷ್ಯನಿಗೆ ಮೋಟಾರ್ ಸೈಕಲ್ ಕಂಡರೆ ಆಗುತ್ತಿರಲಿಲ್ಲ! ಕೂರಲು ಕಷ್ಟ, ಚೈನಿನ ಎಣ್ಣೆ ಬಟ್ಟೆಗೆ, ಪಂಕ್ಚರ್ ಆದರೆ ಚಕ್ರ ಬಿಚ್ಚುವುದು ದೊಡ್ಡ ರಾಮಾಯಣ.

ಹಾಗಾಗಿ ಅವನು ತನ್ನ ಸಿಟ್ಟನ್ನೆಲ್ಲ ಒಂದೊಂದಾಗಿ ಲೋಹದಲ್ಲಿ ತೀರಿಸಿಕೊಂಡ. ಇಂಜಿನ್ನು ಮುಚ್ಚಿದ. ಚೈನು ತೆಗೆದ. ಗೇರನ್ನು ಹ್ಯಾಂಡಲ್ಲಿಗೆ ತಂದ. ಕಾಲಿನ ಮುಂದೆ ತಗಡಿನ ಗುರಾಣಿ ಇಟ್ಟ. ವಿಮಾನದ ಚಕ್ರದ ಹಾಗೆ ಮುಂದಿನ ಚಕ್ರವನ್ನು ಒಂದೇ ಕಡೆಯಿಂದ ಹಿಡಿಸಿದ, ಸುಲಭವಾಗಿ ಬಿಚ್ಚಲು. ಚೌಕಟ್ಟು ಬೇರೆ, ಮೈ ಬೇರೆ ಅಲ್ಲದೆ ತಗಡಿನ ಮೈಯೇ ಚೌಕಟ್ಟು. ಸೀರೆಯೋ ಸ್ಕರ್ಟೋ ಉಟ್ಟವರೂ ಕಾಲೆತ್ತದೆ ಹತ್ತಬಹುದು. 1946ರ ಏಪ್ರಿಲ್ 23ರಂದು ಪೇಟೆಂಟ್ ಅರ್ಜಿ ಸಲ್ಲಿಕೆಯಾಯಿತು. 98 ಸಿಸಿಯ ಆ ಗಾಡಿಯ ಹೆಸರು ವೆಸ್ಪಾ, ಅಂದರೆ ಇಟಾಲಿಯನ್ನಿನಲ್ಲಿ ಕಣಜ.

ಈಗ ಜಪಾನಿಗೆ ಬನ್ನಿ. 1958ರಲ್ಲಿ ಹೋಂಡಾ ಸೂಪರ್ ಕಬ್ ತಂದಿತು. ಅದಕ್ಕೂ ಕಾಲಿನ ಮುಂದೆ ಗುರಾಣಿ, ಕ್ಲಚ್ ಲಿವರ್ ಇಲ್ಲ. ಕಾರಣ ಚೆನ್ನಾಗಿದೆ: ಸೋಬಾ ಶಾವಿಗೆಯನ್ನು ಮನೆಮನೆಗೆ ತಲುಪಿಸುವ ಹುಡುಗ ಒಂದು ಕೈಯಲ್ಲಿ ತಟ್ಟೆ ಹಿಡಿದು, ಇನ್ನೊಂದು ಕೈಯಲ್ಲಿ ಗಾಡಿ ಓಡಿಸಬೇಕು. ಅಂದರೆ ಎಡಗೈಗೆ ಬಿಡುವು ಕೊಡುವ ಯೋಚನೆ ಆ ಕಂಪನಿಯಲ್ಲಿ ಅಷ್ಟು ಹಳೆಯದು!

ಅದೇ ಹೋಂಡಾ 1972ರಲ್ಲಿ ದೂರ ಪ್ರಯಾಣದ ದೊಡ್ಡ ಗಾಡಿಯೊಂದರ ಪ್ರಯೋಗ ಶುರುಮಾಡಿತು. ಮುಂದಾಳು ಶೋಯಿಚಿರೊ ಇರಿಮಾಜಿರಿ (ನಮ್ಮ ಸಾಫ್ಟ್‌ವೇರ್ ಬಂಧುಗಳಿಗೆ: ಈತ ಮುಂದೆ 1998ರಲ್ಲಿ ವಿಡಿಯೋ ಗೇಮಿನ ಸೇಗಾ ಕಂಪನಿಯ ಅಧ್ಯಕ್ಷನಾದ). ಆ ಪ್ರಯೋಗದ ಗಾಡಿ ಮಾರುಕಟ್ಟೆಗೆ ಬರಲಿಲ್ಲ. ಬಂದದ್ದು 999 ಸಿಸಿಯ, ನಾಲ್ಕು ಸಿಲಿಂಡರಿನ ಜಿಎಲ್ 1000. 1974ರಲ್ಲಿ ಜರ್ಮನಿಯ ಕಲೋನ್ ಪ್ರದರ್ಶನದಲ್ಲಿ ಕಾಣಿಸಿಕೊಂಡ ಮೊದಲ ಗೋಲ್ಡ್ ವಿಂಗ್ ಇದೇ. ಇದಕ್ಕೂ ಚೈನಿಲ್ಲ, ಶಾಫ್ಟು. ಭಾರ ಕೆಳಗಿರಲಿ ಅಂತ ಪೆಟ್ರೋಲ್ ಟ್ಯಾಂಕು ಸೀಟಿನ ಕೆಳಗೆ. ಮೇಲೆ ಟ್ಯಾಂಕಿನ ಹಾಗೆ ಕಾಣುತ್ತಿದ್ದದ್ದು ಬರೀ ಸುಳ್ಳು ಟ್ಯಾಂಕು, ಒಳಗೆ ವೈರು ಗಿಯರು!

ಆದರೆ ಅದು ಗಾಜಿಲ್ಲ, ಡಿಕ್ಕಿಯಿಲ್ಲದ ಬೆತ್ತಲೆ ಗಾಡಿ. ದಿನವಿಡೀ ಹೆದ್ದಾರಿಯಲ್ಲಿ ಓಡಿಸುವ ಅಮೆರಿಕನ್ನರು ಹೊರಗಿನಿಂದ ಕೊಂಡು ತಂದು ಗಾಳಿತಡೆ, ಪೆಟ್ಟಿಗೆ ಕಟ್ಟಿಕೊಂಡರು. ಹೋಂಡಾ ಅದನ್ನು ನೋಡಿ 1980ರಲ್ಲಿ ತಾನೇ ಗಾಳಿತಡೆ ಹಾಕಿ ಕೊಟ್ಟಿತು. 1988ರ ಮಾದರಿಗೆ ಆರು ಸಿಲಿಂಡರು ಬಂದವು, ಮೈಯೆಲ್ಲ ಮುಚ್ಚಿತು, ರಿವರ್ಸ್ ಬಂತು. 2006ರ ಮಾದರಿಗೆ ಏರ್‌ಬ್ಯಾಗ್. 2018ರಲ್ಲಿ ಕ್ಲಚ್ ಇಲ್ಲದ ಏಳು ಗೇರು.

ಪಟ್ಟಿಯನ್ನು ಇನ್ನೊಮ್ಮೆ ಓದಿ. ಮುಚ್ಚಿದ ಮೈ, ಚೈನಿಲ್ಲ, ಮುಂದೆ ಗುರಾಣಿ, ಹಿಂದೆ ಡಿಕ್ಕಿ, ಕ್ಲಚ್ ಇಲ್ಲ. ವೆಸ್ಪಾ ನೋಡಿಕೊಂಡು ಗೋಲ್ಡ್ ವಿಂಗ್ ಮಾಡಿದರು ಅಂತ ನಾನು ಹೇಳುತ್ತಿಲ್ಲ. ಚಕ್ರ, ವೇಗ, ಇಂಜಿನ್ನಿನ ಜಾಗ ಎಲ್ಲ ಬೇರೆ. ಹಸುವಿನ ಮುಂದೆ ನನಗೆ ಅದು ಸರಿಯಾಗಿ ಅರ್ಥವಾಗಿದೆ. ಆದರೆ ಎರಡೂ ಕಡೆ ಕೇಳಿಕೊಂಡ ಪ್ರಶ್ನೆ ಒಂದೇ. ಗಾಡಿಯ ಕಾಟದಿಂದ ಸವಾರನನ್ನು ಕಾಪಾಡುವುದು ಹೇಗೆ? ಅಲ್ಲಿ ಎರಡು ಕಿಲೋಮೀಟರಿನ ಸಂತೆಗೆ, ಇಲ್ಲಿ ಎಂಟುನೂರು ಕಿಲೋಮೀಟರಿನ ಪ್ರವಾಸಕ್ಕೆ. ಸ್ಕೂಟರು ಮೊದಲ ದಿನವೇ ಕೊಟ್ಟ ಉತ್ತರಕ್ಕೆ ಪ್ರಪಂಚದ ಈ ದೊಡ್ಡ ಬೈಕು ನಲವತ್ತು ವರ್ಷ ಸುತ್ತಿ ಬಂದು ಸೇರಿದೆ.

ಇದನ್ನೆಲ್ಲ ನಾನು ಯಾಕೆ ಇಷ್ಟು ಮನಸ್ಸಿಗೆ ಹಚ್ಚಿಕೊಂಡೆ ಅಂದರೆ, ಅದಕ್ಕೆ ನಮ್ಮ ಮನೆಯ ಕತೆ ಹೇಳಬೇಕು.

ಬಜಾಜ್ ಕಂಪನಿ 1960ರ ದಶಕದಲ್ಲಿ ಪಿಯಾಜಿಯೊ ಪರವಾನಗಿಯಲ್ಲಿ ಇಲ್ಲಿ ವೆಸ್ಪಾ ಮಾಡುತ್ತಿತ್ತು. ಒಪ್ಪಂದ ಮುಗಿದ ಮೇಲೆ 1972ರಲ್ಲಿ ಅದೇ ವಂಶದ ಗಾಡಿಗೆ ರಾಣಾ ಪ್ರತಾಪನ ಕುದುರೆಯ ಹೆಸರಿಟ್ಟಿತು: ಚೇತಕ್. ಬುಕ್ ಮಾಡಿ ವರ್ಷಗಟ್ಟಲೆ ಕಾಯುತ್ತಿದ್ದ ಕಾಲ ಅದು. ನಮ್ಮಪ್ಪ ಕೊಂಡದ್ದು 1998ರಲ್ಲಿ. ಅಷ್ಟೊತ್ತಿಗೆ ಕಾಯುವ ಕಷ್ಟ ಇರಲಿಲ್ಲ. ಮುಂದೆ ನಾನು ನಿಂತು, ಹಿಂದೆ ಅಮ್ಮ, ಅಮ್ಮನ ಮಡಿಲಲ್ಲಿ ತಂಗಿ. ದಾಸ್ಕಾನಿಯೊ ಎಷ್ಟು ಜನಕ್ಕೆ ಅಂತ ಮಾಡಿದ್ದನೋ, ನಮ್ಮ ಮನೆಯಲ್ಲಿ ಅದು ನಾಲ್ಕು ಸೀಟಿನ ಗಾಡಿ :-)

2015ರಲ್ಲಿ ಇಂಜಿನಿಯರಿಂಗಿಗೆ ಸೇರಿದಾಗ ಹಾಸ್ಟೆಲ್ಲಿಗೆ ಬಿಡಲು ಅಪ್ಪ ಅದೇ ಚೇತಕ್ಕಿನಲ್ಲಿ ಬಂದರು. ಕಾಲಿನ ಜಾಗದಲ್ಲಿ ಟ್ರಂಕು, ಹಿಂದೆ ಹಾಸಿಗೆ ಸುತ್ತಿ ಹಿಡಿದ ನಾನು. ಕಾಲೇಜಿನ ಗೇಟಿನ ಹತ್ತಿರ ಬುಲೆಟ್ಟು, ಪಲ್ಸರುಗಳ ಮೇಲೆ ಹುಡುಗರು ಕೂತಿದ್ದರು. ತಿರುವಿನಲ್ಲೇ ಅಂದೆ, "ಅಪ್ಪ, ಇಲ್ಲೇ ನಿಲ್ಸಿ ಸಾಕು."

"ಗೇಟು ಅಲ್ಲಿದೆಯಲ್ಲೋ" ಅಂದರು. ಆಮೇಲೆ ಗೇಟಿನ ಕಡೆ ನೋಡಿದರು. ಮತ್ತೇನೂ ಕೇಳಲಿಲ್ಲ. ಟ್ರಂಕು ಇಳಿಸಿದರು, ಸ್ಕೂಟರು ವಾಲಿಸಿ ಕಿಕ್ ಹೊಡೆದರು, ಹೋದರು.

ಗಂಡಸಿನ ಗಾಡಿ ಬೈಕು, ಸ್ಕೂಟರು ಸಂಸಾರಸ್ಥರದು ಅಂತ ನಮಗೆ ಯಾರು ಕಲಿಸಿದರೋ! 2009ರಲ್ಲೇ ಬಜಾಜ್ ಸ್ಕೂಟರ್ ನಿಲ್ಲಿಸಿ ಬೈಕಿನ ಕಡೆ ತಿರುಗಿತ್ತು (ಚೇತಕ್ ಹೆಸರು 2020ರಲ್ಲಿ ಕರೆಂಟಿನ ಗಾಡಿಯಾಗಿ ಮತ್ತೆ ಬಂತು). ಗೇಟಿನ ಹುಡುಗರದ್ದೂ ನನ್ನದೂ ಅದೇ ಬುದ್ಧಿ.

ಭಾನುವಾರ ರಾತ್ರಿ ಅಪ್ಪನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಸಾವಧಾನವಾಗಿ ಕೇಳಿದರು.

"ಸ್ಟೆಪ್ನಿ ಇದೆಯೇನೋ?"

"ಇಲ್ಲಪ್ಪ."

"ಅಷ್ಟು ದುಡ್ಡು ಕೊಟ್ಟು ಸ್ಟೆಪ್ನಿ ಇಲ್ಲ ಅಂದ್ರೆ?" ಅಂತ ನಕ್ಕರು. ಆಮೇಲೆ, "ಬ್ರೇಕು ಬಲಗಾಲಲ್ಲಿ ಅಂದ್ಯಲ್ಲ. ಚೇತಕ್ಕಲ್ಲೂ ಅಲ್ಲೇ ಅಲ್ವೇನೋ ಇರೋದು!"

ಹೌದಲ್ಲ! ಚೇತಕ್ಕಿನಲ್ಲಿ ಎಡಗೈಗೆ ಕ್ಲಚ್ಚು, ಗೇರು. ಹಿಂದಿನ ಬ್ರೇಕು ಬಲಗಾಲಿಗೆ. ಅವತ್ತು ಅಪ್ಪ ಕೂತಿದ್ದರೆ ಅವರ ಕಾಲು ತಾನಾಗೇ ಬ್ರೇಕಿನ ಮೇಲೆ ಹೋಗುತ್ತಿತ್ತು. ನಾನು ಅದನ್ನು ಕಲಿಯಲೇ ಇಲ್ಲ. ನಾಚಿಕೆಯಾಗುತ್ತಿತ್ತಲ್ಲ.

ಗೇಟಿನ ವಿಷಯ ಫೋನಿನಲ್ಲಿ ಹೇಳಲಾಗಲಿಲ್ಲ. ಆ ಚೇತಕ್ ಇನ್ನೂ ಊರಿನ ಮನೆಯಲ್ಲಿ ಗೋಣಿಚೀಲ ಹೊದ್ದು ನಿಂತಿದೆ. ಮುಂದಿನ ವಾರ ಹೋಗುತ್ತಿದ್ದೇನೆ. ಓಡಿಸಲು ಕಲಿಸಿ ಅಂತ ಕೇಳಬೇಕು. ಅದರ ನೆಪದಲ್ಲಿ ಉಳಿದದ್ದನ್ನೂ ಹೇಳಬೇಕು.