ಸೈಕಲ್ ಬ್ರೇಕು: ಹಳೆಯ ಕಂಬಿಯ ಪದ್ಧತಿ ಮತ್ತು ಆಧುನಿಕ ಪದ್ಧತಿಗಳು

ಚಲಿಸುತ್ತಿರುವ ಸೈಕಲ್ಲಿನ ವೇಗವನ್ನು ಘರ್ಷಣೆಯ ಮೂಲಕ ತಗ್ಗಿಸಿ ನಿಲ್ಲಿಸುವ ಸಾಧನ. ಚಿತ್ರದುರ್ಗ ಜಿಲ್ಲೆಯ ಹಿರಿಯೂರು ತಾಲ್ಲೂಕಿನ ಯಲ್ಲದಕೆರೆಯಂಥ ಬಯಲುಸೀಮೆಯ ಗ್ರಾಮಗಳಲ್ಲಿ ದೀರ್ಘಕಾಲ ರೂಢಿಯಲ್ಲಿದ್ದುದು 28 ಅಂಗುಲದ ಚಕ್ರಗಳುಳ್ಳ ಕರಿಯ ಸೈಕಲ್ಲಿನ ಕಂಬಿ ಬ್ರೇಕು. ಆಂಗ್ಲ ಮಾದರಿಯ ಈ ವಾಹನವನ್ನು ಮದರಾಸಿನಲ್ಲಿ 1949ರಲ್ಲಿ ಸ್ಥಾಪಿತವಾದ ಟಿ.ಐ. ಸೈಕಲ್ಸ್, ಸೋನಿಪತ್‌ನ ಅಟ್ಲಾಸ್ (1951), ಲುಧಿಯಾನದ ಹೀರೋ (1956) ಮೊದಲಾದ ಕಾರ್ಖಾನೆಗಳು ದೇಶದಲ್ಲೆಲ್ಲ ಹರಡಿದವು.

ಇದರ ರಚನೆ ಸರಳವೂ ಶ್ಲಾಘ್ಯವೂ ಆದುದು. ಹ್ಯಾಂಡಲ್ಲಿನ ಕೆಳಗಿರುವ ಹಿಡಿಯನ್ನು ಅಮುಕಿದೊಡನೆ ಉಕ್ಕಿನ ಕಂಬಿಯು ಮೇಲಕ್ಕೆ ಸರಿದು, ಚಕ್ರವನ್ನು ಬಳಸಿ ನಿಂತ ರಿಕಾಪಿನಾಕಾರದ ಕಮಾನನ್ನು ಎತ್ತಲು, ಅದರ ಎರಡು ತುದಿಗಳ ರಬ್ಬರುಗಳು ರಿಮ್ಮಿನ ಒಳಮೈಗೆ, ಎಂದರೆ ಕಡ್ಡಿಗಳಿರುವ ಪಾರ್ಶ್ವಕ್ಕೆ, ಒತ್ತಿಕೊಳ್ಳುತ್ತವೆ. ಒತ್ತಡವು ಬದಿಯಿಂದಲ್ಲದೆ ಕೆಳಗಿನಿಂದ ಬೀಳುವುದರಿಂದ ಚಕ್ರ ಕೊಂಚ ಔಟಾಗಿ ಪಕ್ಕಕ್ಕೆ ತೂಗಾಡಿದರೂ ಬ್ರೇಕು ಕೆಲಸಮಾಡುತ್ತದೆ. ಹಳ್ಳಿಯ ಕೊರಕಲು ಹಾದಿಗೆ ಇದು ಸಣ್ಣ ಗುಣವಲ್ಲ. ಕಂಬಿಗಳ ಕೀಲುಗಳು ಸವೆದು ನಟ್ಟು ಸಡಿಲವಾದರೆ ಮಾತ್ರ ಹಿಡಿ ಪೂರ್ತಿ ಒಳಕ್ಕೆ ಹೋದರೂ ಹಿಡಿತ ಸಿಗುವುದಿಲ್ಲ.

ಹಳೆಯದು ಸ್ವಭಾವತಃ ದುರ್ಬಲವೆಂಬ ಅಭಿಪ್ರಾಯ ಅರ್ಧಸತ್ಯ. ಸವಾರನ ಗುರುತ್ವಕೇಂದ್ರ ಎತ್ತರದಲ್ಲಿರುವುದರಿಂದ, ಮುಂದಿನ ಬ್ರೇಕು ಎಷ್ಟೇ ಬಲವಾದುದಾದರೂ, ವೇಗಾಪಕರ್ಷವು ಗುರುತ್ವದ ಅರ್ಧಕ್ಕಿಂತ ತುಸು ಮೇಲೇರಿದೊಡನೆ ಹಿಂದಿನ ಚಕ್ರ ನೆಲ ಬಿಟ್ಟೇಳುತ್ತದೆ; ಈ ಮಿತಿಯನ್ನು ಇಂದಿನ ಡಿಸ್ಕ್ ಬ್ರೇಕೂ ಮೀರಲಾರದು. ಗಂಟೆಗೆ 20 ಕಿಲೋಮೀಟರ್ ವೇಗದ ಸೈಕಲ್ಲು ಅರ್ಧ ಗುರುತ್ವದ ವೇಗಾಪಕರ್ಷದಿಂದ ಸುಮಾರು 3.1 ಮೀಟರಿನಲ್ಲಿ ನಿಂತರೆ, ಹಿಂದಿನ ಬ್ರೇಕೊಂದನ್ನೇ ನೆಚ್ಚಿದಾಗ ಒದಗುವ ಕಾಲು ಗುರುತ್ವದಿಂದ ಸುಮಾರು 6.3 ಮೀಟರು ಬೇಕಾಗುತ್ತದೆ. ಕ್ಯಾರಿಯರಿನ ಮೇಲೆ ರಾಗಿಯ ಮೂಟೆಯಿದ್ದಾಗ ಮುಗ್ಗರಿಸುವ ಭಯ ಕಡಿಮೆಯಾದರೂ ನಿಲ್ಲಿಸಬೇಕಾದ ಭಾರ ಹೆಚ್ಚುತ್ತದೆ. ಕೈಯ ಬಲವನ್ನೇ ಬಹುವಾಗಿ ಬೇಡುವ ಕಂಬಿ ಬ್ರೇಕಿನ ನಿಜವಾದ ಬಡತನ ಆಗ ತೋರುತ್ತದೆ.

ಇದಕ್ಕಿಂತ ಗಂಭೀರವಾದ ದೋಷವಿರುವುದು ರಿಮ್ಮಿನಲ್ಲಿ. ಕ್ರೋಮಿಯಂ ಲೇಪಿಸಿದ ನುಣುಪಾದ ಉಕ್ಕು ನೆನೆದಾಗ, ರಬ್ಬರಿಗೂ ಅದಕ್ಕೂ ನಡುವೆ ನೀರಿನ ಪೊರೆ ನಿಂತು, ಒಣಗಿದ್ದಾಗಿನ ಹಿಡಿತದ ಅಲ್ಪಾಂಶ ಮಾತ್ರ ಉಳಿಯುತ್ತದೆ. ಹಿರಿಯೂರು ಸೀಮೆ ಮಳೆ ಕಡಿಮೆಯ ನಾಡಾದಕಾರಣ ವರ್ಷದ ಬಹುಭಾಗ ಈ ದೋಷ ಮರೆಯಲ್ಲಿರುತ್ತದೆ. ಮಲೆನಾಡಿನ ಇಳಿಜಾರಿನಲ್ಲಿಯಾದರೋ ಅದು ಪ್ರಾಣಾಪಾಯಕರ. ಅಲ್ಯೂಮಿನಿಯಂ ರಿಮ್ಮು ನೆನೆದಾಗ ಉಕ್ಕಿಗಿಂತ ಹೆಚ್ಚು ಹಿಡಿತ ಉಳಿಸಿಕೊಳ್ಳುತ್ತದೆ. 1996ರಲ್ಲಿ ಶಿಮಾನೊ ಸಂಸ್ಥೆ ಪ್ರಚಾರಕ್ಕೆ ತಂದ, ರಿಮ್ಮನ್ನು ಬದಿಯಿಂದೊತ್ತುವ ವಿ-ಬ್ರೇಕು ತನ್ನ ಉದ್ದವಾದ ತೋಳುಗಳಿಂದ ಕೈಯ ಶ್ರಮವನ್ನು ತಗ್ಗಿಸಿತು. ಡಿಸ್ಕ್ ಬ್ರೇಕು ಘರ್ಷಣೆಯ ಸ್ಥಾನವನ್ನೇ ರಸ್ತೆಯ ಕೆಸರಿನಿಂದ ದೂರಕ್ಕೆ, ಚಕ್ರದ ನಡುವಿಗೆ ಒಯ್ದಿತು. ಆಧುನಿಕ ಬ್ರೇಕಿನ ಶ್ರೇಷ್ಠತೆಯಿರುವುದು ಒಣನೆಲದ ಪರಮಬಲದಲ್ಲಿ ಅಷ್ಟಾಗಿ ಅಲ್ಲ, ಬೆರಳೆರಡರ ಒತ್ತಡಕ್ಕೆ ಮಳೆಯಲ್ಲೂ ಓಗೊಡುವ ಈ ನಿಶ್ಚಿತತೆಯಲ್ಲಿ.

ಹಳೆಯ ಸೈಕಲ್ಲಿಗೆ ಹೊಸ ಬ್ರೇಕನ್ನು ಜೋಡಿಸುವುದು ಸುಲಭವಲ್ಲ. ಅದರ ರಿಮ್ಮಿನ ಬದಿ ಗುಂಡಾಗಿರುವುದರಿಂದ ಬದಿಯಿಂದೊತ್ತುವ ರಬ್ಬರಿಗೆ ಅಲ್ಲಿ ಆಸರೆಯಿಲ್ಲ, ಫ್ರೇಮಿನಲ್ಲಿಯೂ ತೋಳುಗಳನ್ನು ಕೂರಿಸುವ ಗೂಟಗಳಿಲ್ಲ. ಕೀಲುಗಳನ್ನು ಬಿಗಿಮಾಡಿ, ಕಾಲಕ್ರಮೇಣ ಗಾಜಿನಂತೆ ಗಟ್ಟಿಯಾಗಿ ಹೊಳೆಯತೊಡಗಿದ ರಬ್ಬರುಗಳನ್ನು ಮುಂಗಾರಿಗೆ ಮುನ್ನ ಬದಲಾಯಿಸುವುದೇ ಅಲ್ಲಿ ಸಾಧ್ಯವಾದ ಉಪಾಯ. ಉಕ್ಕಿನ ರಿಮ್ಮಿಗಾಗಿಯೇ ಚರ್ಮದ ಮುಖವನ್ನಿಟ್ಟು ತಯಾರಿಸಿದ ಬ್ರೇಕ್ ತುಂಡುಗಳು ದೊರೆತರೆ ಅವು ಮಳೆಯಲ್ಲಿ ಬರಿಯ ರಬ್ಬರಿಗಿಂತ ಮೇಲು.